ಹತ್ತೊಂಬತ್ತನೆಯ ಚಮಚ ಮಸಿ

"ಬುದ್ಧಿ, ಊರಿಗೆ ಹೊರಟುಬಿಡಲೇ?"

ಬೆಳಗಿನ ಪಾಠ ಮುಗಿದಿತ್ತು. ಉಳಿದವರೆಲ್ಲ ಎದ್ದು ಹೋಗಿದ್ದರು. ಮರಿದೇವ ಮಾತ್ರ ಗುರುಗಳೆದುರು ಕೂತೇ ಇದ್ದ.

"ನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ. ಒಂದೂ ಒಳಗೆ ಇಳಿದಿಲ್ಲ. ನಾನು ಪ್ಲಾಸ್ಟಿಕ್ಕಿನವನು. ನನ್ನಲ್ಲಿ ಕರೆಂಟು ಹರಿಯುವುದಿಲ್ಲ."

"ಪ್ಲಾಸ್ಟಿಕ್ಕಿನಲ್ಲಿ ಹರಿಯುವುದಿಲ್ಲವೆಂದು ನಿನಗೆ ಯಾರಯ್ಯ ಹೇಳಿದರು?" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಎರಕದವನಿದ್ದ. ಪ್ಲಾಸ್ಟಿಕ್ ಕರಗಿಸಿ ತಟ್ಟೆ ಮಾಡುತ್ತಿದ್ದ. ಪಟಾಕಿಗೆ ಮದ್ದು ತುಂಬುವ ಹೆಂಗಸರು ಅವನ್ನು ಒಯ್ಯುತ್ತಿದ್ದರು. ಒಣಹವೆಯಲ್ಲಿ ಸೆರಗು ಉಜ್ಜಿದರೆ ತಟ್ಟೆಯಿಂದ ಸಣ್ಣ ಕಿಡಿ ಹಾರುತ್ತಿತ್ತು. ಮದ್ದಿನ ಮನೆಯಲ್ಲಿ ಒಂದು ಕಿಡಿ ಸಾಕು. ಅವನ ಹೆಂಡತಿಯ ತಂಗಿಯೂ ಅಲ್ಲೇ ಕೆಲಸಕ್ಕಿದ್ದಳು. ವಿದ್ಯುತ್ತು ಮೈಮೇಲೆ ನಿಲ್ಲದೆ ಹರಿದುಹೋಗುವಂಥ ತಟ್ಟೆ ಮಾಡಿಕೊಡುತ್ತೇನೆಂದು ಅವನು ಮಾತು ಕೊಟ್ಟ.

ನುಣ್ಣನೆಯ ಮಸಿಯಲ್ಲಿ ವಿದ್ಯುತ್ತು ಹರಿಯುತ್ತದೆಂದು ಅವನಿಗೆ ಗೊತ್ತಿತ್ತು. ಕರಗಿದ ಪ್ಲಾಸ್ಟಿಕ್ಕಿಗೆ ಒಂದು ಚಮಚ ಮಸಿ ಬೆರೆಸಿ ತಟ್ಟೆ ಎರೆದ. ಬ್ಯಾಟರಿಗೂ ಪುಟ್ಟ ದೀಪಕ್ಕೂ ಕಟ್ಟಿದ ತಂತಿ ಮುಟ್ಟಿಸಿದ. ದೀಪ ಹತ್ತಲಿಲ್ಲ. ಅದನ್ನೇ ಕರಗಿಸಿ ಇನ್ನೊಂದು ಚಮಚ ಹಾಕಿದ. ಹತ್ತಲಿಲ್ಲ. ಹೀಗೇ ಹದಿನೆಂಟು ಚಮಚ ಹೋಯಿತು.

ಹೆಂಡತಿ ನಕ್ಕಳು. "ಒಲೆ ಕಪ್ಪಾಯಿತು, ಗೋಡೆ ಕಪ್ಪಾಯಿತು, ನಿಮ್ಮ ಮೂಗೂ ಕಪ್ಪಾಯಿತು. ದೀಪ ಮಾತ್ರ ಕಣ್ಣು ಬಿಡಲಿಲ್ಲ."

"ಇದೊಂದು ಚಮಚ ನೋಡಿ ಬಿಟ್ಟುಬಿಡುತ್ತೇನೆ ಕಣೇ."

ಹತ್ತೊಂಬತ್ತನೆಯದಕ್ಕೆ ದೀಪ ಹತ್ತಿತು.

ಎರಕದವನು ಕುಣಿದ. ಮಹಿಮೆಯೆಲ್ಲ ಆ ಕೊನೆಯ ಚಮಚದ್ದೇ ಎಂದುಕೊಂಡ. ಹೊಸ ಪ್ಲಾಸ್ಟಿಕ್ ಕರಗಿಸಿ, ಅದೇ ಮಸಿ ಡಬ್ಬಿಯ ತಳದಿಂದ ಒಂದೇ ಒಂದು ಚಮಚ ಹಾಕಿ ತಟ್ಟೆ ಎರೆದ. ಕೊಟ್ಟು ಬರಲು ಹೊರಟ.

ಹೆಂಡತಿ ಬಾಗಿಲಲ್ಲಿ ತಡೆದಳು. "ತಂತಿ ಮುಟ್ಟಿಸಿ ನೋಡಿ. ಅದನ್ನು ಹಿಡಿಯುವವಳು ನನ್ನ ತಂಗಿ."

ಮುಟ್ಟಿಸಿದ. ಹತ್ತಲಿಲ್ಲ.

ಆಗ ಅವನಿಗೆ ತಿಳಿಯಿತು. ಹದಿನೆಂಟು ಚಮಚದ ಕಣಗಳು ಪ್ಲಾಸ್ಟಿಕ್ಕಿನೊಳಗೆ ದೂರದೂರ ಕೂತಿದ್ದವು. ಹತ್ತೊಂಬತ್ತನೆಯದು ಬಂದು ನಡುವಿನ ತೆರಪು ತುಂಬಿತ್ತು. ಒಂದನ್ನೊಂದು ಮುಟ್ಟಿದ ಮೇಲೆ ವಿದ್ಯುತ್ತಿಗೆ ದಾರಿಯಾಗಿತ್ತು. ಮೊದಲಿನವು ಇಲ್ಲದೆ ಕೊನೆಯದು ಬರೀ ಮಸಿ. ಅವನು ಮತ್ತೆ ಒಲೆಯ ಮುಂದೆ ಕೂತು, ಹತ್ತೊಂಬತ್ತೂ ಹಾಕಿದ.

ಗುರುಗಳು ಕತೆ ನಿಲ್ಲಿಸಿದರು.

ಮರಿದೇವ ಮೆಲ್ಲಗೆ ಕೇಳಿದ. "ನನ್ನೊಳಗೆ ಈಗ ಎಷ್ಟು ಚಮಚ ಬಿದ್ದಿದೆ, ಬುದ್ಧಿ?"

"ಯಾರಿಗೆ ಗೊತ್ತು ಮಗು, ನನಗೆ ಹನ್ನೊಂದು ವರ್ಷ ಹಿಡಿಯಿತು."

ಮರಿದೇವ ಊರಿಗೆ ಹೋಗಲಿಲ್ಲ.