ಎದುರಿಗೆ ಕೂತ ತಂಡೇಲ

“ಸರ್, ನೀವು ಎದುರಿಗೆ ಇಲ್ಲದಿದ್ದರೂ ನನ್ನ ಕೈ ಓಡುತ್ತದೆ ಅಂತ ನನಗೆ ಗೊತ್ತಾಗುವುದು ಹೇಗೆ?”

ಕೇಳಿದವಳು ಇಂದುಮತಿ. ಹೃದಯ ಮತ್ತು ಎದೆಯ ಶಸ್ತ್ರಚಿಕಿತ್ಸೆ ಕಲಿಯುವವರ ಪೈಕಿ ಅವಳದು ಕೊನೆಯ ವರ್ಷ, ಅದರಲ್ಲೂ ಕೊನೆಯ ತಿಂಗಳು. ಕೇಳಿಸಿಕೊಂಡವರು ಅವಳ ಗುರುಗಳಾದ ಡಾಕ್ಟರ್ ಭುಜಂಗರಾಯರು. ಆಪರೇಷನ್ ಥಿಯೇಟರಿನ ಪಕ್ಕದ ಕೋಣೆಯಲ್ಲಿ ಇಬ್ಬರೂ ಕಾಫಿ ಮುಂದಿಟ್ಟುಕೊಂಡು ಕೂತಿದ್ದರು. ರಾಯರ ಲೋಟ ಖಾಲಿಯಾಗಿತ್ತು. ಇಂದುಮತಿಯದು ಆರಿ ಕೆನೆಗಟ್ಟಿತ್ತು.

ಈ ವಿದ್ಯೆಯ ಕೊನೆಯ ಹಂತದಲ್ಲಿ ಒಂದು ಪದ್ಧತಿ ಇದೆ. ಅಲ್ಲಿಯವರೆಗೆ ರೋಗಿಯ ಎಡಕ್ಕೆ ನಿಂತು ದಾರ ಹಿಡಿಯುತ್ತಿದ್ದ ಶಿಷ್ಯರು ಮೇಜು ಸುತ್ತಿ ಬಲಕ್ಕೆ ಬರುತ್ತಾರೆ. ಬಲಕ್ಕಿದ್ದ ಗುರುಗಳು ಎಡಕ್ಕೆ ಹೋಗುತ್ತಾರೆ. ಸೂಜಿ ಶಿಷ್ಯರದು, ದಾರ ಗುರುಗಳದು. ನೋಡುವವರಿಗೆ ಬಸ್ಸಿನಲ್ಲಿ ಸೀಟು ಬದಲಿಸಿದಷ್ಟೇ ಸಲೀಸು. ನಿಂತವರ ಎದೆಬಡಿತ ನಿಂತವರಿಗೇ ಗೊತ್ತು.

ಇಂದುಮತಿ ಬಲಕ್ಕೆ ಬಂದು ವರ್ಷವಾಗುತ್ತ ಬಂದಿತ್ತು. ಮುಂದಿನ ತಿಂಗಳು ದೂರದ ಜಿಲ್ಲೆಯ ಹೊಸ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಎದೆ ತೆರೆಯಬಲ್ಲವಳು ಅವಳೊಬ್ಬಳೇ. ಎದುರಿಗೆ ನಿಲ್ಲುವವರೆಲ್ಲ ಅವಳಿಗಿಂತ ಕಿರಿಯರು.

“ಕಳೆದ ವಾರ ಆ ಮುದುಕನಿಗೆ ಕವಾಟ ಹಾಕಿದೆವಲ್ಲ ಸರ್, ಹೃದಯದ ಹಿಂಬದಿಯಿಂದ ರಕ್ತ ಚಿಮ್ಮಿತು. ತಲೆ ಎತ್ತಿ ನೋಡಿದೆ. ನೀವಿದ್ದಿರಿ. ಅದಕ್ಕೇ ನನ್ನ ಕೈ ನಡುಗಲಿಲ್ಲ. ನೀವಿಲ್ಲದಿದ್ದರೆ ಆತ ಮೇಜಿನ ಮೇಲೇ ಹೋಗಿಬಿಡುತ್ತಿದ್ದ. ನನಗೆ ಆ ಹೊಸ ಆಸ್ಪತ್ರೆಯ ಕೆಲಸ ಬೇಡ ಸರ್. ಇನ್ನೊಂದು ವರ್ಷ ನಿಮ್ಮ ಹತ್ತಿರವೇ ಇರುತ್ತೇನೆ. ಬರುವುದಿಲ್ಲ ಅಂತ ಇವತ್ತೇ ಫೋನು ಮಾಡಿಬಿಡುತ್ತೇನೆ.”

“ಫೋನು ಎಲ್ಲಿಗೂ ಓಡಿಹೋಗುವುದಿಲ್ಲ ತಾಯಿ. ಮೊದಲು ಒಂದು ಊಹೆ ಮಾಡು. ಕಡಲಿಂದ ನದಿಗೆ ನುಗ್ಗುವ ಅಳಿವೆಯ ಬಾಯಲ್ಲಿ ಒಂದು ದೋಣಿ. ದಾರಿ ತೋರಿಸಬೇಕಾದ ಹಿರಿಯನಿಗೆ ಅಲ್ಲೇ, ಆ ಅಲೆಗಳ ನಡುವೆಯೇ, ಕಣ್ಣು ಕೈಕೊಟ್ಟಿತು. ದೋಣಿ ಏನಾಯಿತು, ಹೇಳು ನೋಡೋಣ?”

“ಮುಳುಗಿತು,” ಎಂದಳು ಇಂದುಮತಿ, ತಡಮಾಡದೆ.

“ಅಯ್ಯೋ, ಇಷ್ಟು ಬೇಗ ಮುಳುಗಿಸಬೇಡಮ್ಮ. ಅದರಲ್ಲಿ ಮೂರು ಜನ ಇದ್ದಾರೆ,” ಎಂದು ರಾಯರು ನಕ್ಕು, ಕತೆ ಹೇಳತೊಡಗಿದರು.

ಒಬ್ಬ ತಂಡೇಲ. ಎಂದರೆ ದೋಣಿಯ ಯಜಮಾನ. ಅವನಿಗೊಬ್ಬ ಶಿಷ್ಯ. ಆ ಅಳಿವೆಯಲ್ಲಿ ಒಳಬರುವ ದೋಣಿಗೆ ಅಪಾಯ ಹಿಂದಿನಿಂದ. ದೊಡ್ಡ ಅಲೆಯೊಂದು ಬೆನ್ನ ಮೇಲೆ ಬಿದ್ದರೆ ದೋಣಿ ಮಗುಚುತ್ತದೆ. ದೊಡ್ಡದನ್ನು ಮುಂದೆ ಬಿಟ್ಟು, ಸಣ್ಣದು ಬಂದಾಗ ಅದರ ಜೊತೆಗೇ ನುಗ್ಗಬೇಕು. ಚುಕ್ಕಾಣಿ ಹಿಡಿದವನು ಮುಂದಿನ ಕಲ್ಲುಗಳನ್ನು ನೋಡುತ್ತಿರುತ್ತಾನೆ, ಹಿಂದಿನ ಅಲೆ ಅವನಿಗೆ ಕಾಣದು. ಆದ್ದರಿಂದ ಶಿಷ್ಯ ಕೊನೆಯ ಹಂತಕ್ಕೆ ಬಂದಾಗ ಚುಕ್ಕಾಣಿ ಅವನ ಕೈಗೆ ಹೋಗುತ್ತದೆ, ತಂಡೇಲ ದೋಣಿಯ ಮೂತಿಯಲ್ಲಿ ಅವನಿಗೆ ಎದುರಾಗಿ ಕೂರುತ್ತಾನೆ. ಶಿಷ್ಯನ ಹೆಗಲ ಮೇಲಿಂದ ಅಲೆ ನೋಡುತ್ತಾನೆ. ಅಂಗೈ ಎತ್ತಿದರೆ ತಡೆ, ಇಳಿಸಿದರೆ ನುಗ್ಗು.

ಶಿಷ್ಯ ಆ ಅಂಗೈಯೊಂದನ್ನೇ ನಂಬಿದ್ದ. ಬೆನ್ನ ಹಿಂದೆ ಕಡಲು ಎಷ್ಟೇ ಗರ್ಜಿಸಲಿ, ಅವನಿಗೆ ಹೆದರಿಕೆ ಇರಲಿಲ್ಲ.

ಒಂದು ದಿನ ದೋಣಿಯ ನಡುವೆ ಮೂರನೆಯವನೊಬ್ಬ ಮಲಗಿದ್ದ. ಮೀನಿಗೆ ಹೋದಲ್ಲಿ ಜ್ವರ ಏರಿ, ಎಚ್ಚರ ತಪ್ಪಿದವನು. ಬೇಗ ದಡ ಮುಟ್ಟಬೇಕಿತ್ತು. ಕಡಲಿನ ಇಳಿತ ಶುರುವಾಗಿತ್ತು. ಇನ್ನು ತಡಮಾಡಿದರೆ ಅಳಿವೆಯಲ್ಲಿ ದೋಣಿಗೆ ಸಾಕಾಗುವಷ್ಟು ನೀರಿರುವುದಿಲ್ಲ. ಅಳಿವೆಯ ಬಾಯಿಗೆ ಬಂದರು. ತಂಡೇಲ ಎಂದಿನಂತೆ ಎದುರಿಗೆ ಕೂತ. ಆಗ ಅವನ ಬಲಗಣ್ಣಿಗೆ ಮೇಲಿನಿಂದ ಕಪ್ಪು ಪರದೆ ಇಳಿಯಿತು. ನೋವಿಲ್ಲ, ಏನಿಲ್ಲ. ಉಜ್ಜಿದ. ಹೋಗಲಿಲ್ಲ. ಎಡಗಣ್ಣು ಸರಿಯಿತ್ತು. ಆದರೆ ಒಂದೇ ಕಣ್ಣಿಗೆ ದೂರದ ಅಲೆಯೂ ಹತ್ತಿರದ ಅಲೆಯೂ ಒಂದೇ ಗೋಡೆಯ ಹಾಗೆ ಕಂಡವು. ಯಾವುದು ಈಗ ಬರುತ್ತದೆ, ಯಾವುದು ಆಮೇಲೆ, ಅವನಿಗೆ ತಿಳಿಯಲಿಲ್ಲ.

ತಂಡೇಲ ಯೋಚಿಸಿದ. ಹೇಳಿಬಿಡಲೇ? ಹೇಳಿದರೆ ಇವನು ಚುಕ್ಕಾಣಿ ಬಿಡುತ್ತಾನೆ. ಬಿಟ್ಟರೆ ಹಿಡಿಯುವವರು ಯಾರು? ಹೇಳದಿದ್ದರೆ, ಇವನು ನಂಬಿರುವುದು ಏನನ್ನು? ಅಂಗೈ ಎತ್ತಿದರೆ ಸುಳ್ಳು, ಇಳಿಸಿದರೆ ಕೊಲೆ. ಅವನು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ.

ಶಿಷ್ಯ ಕೂಗಿದ: “ಯಜಮಾನ್ರೇ, ನುಗ್ಗಲಾ?”

“ನೀನೇ ನೋಡು!” ಎಂದ ತಂಡೇಲ.

“ನಾನು ಎಲ್ಲಿ ನೋಡಲಿ? ಕಣ್ಣು ನಿಮ್ಮ ಹತ್ತಿರ ಇದೆಯಲ್ಲ!”

“ನಿನ್ನ ಕಾಲಡಿ ಏನಾಗ್ತಿದೆ?”

ಶಿಷ್ಯನಿಗೆ ಕಾಲಡಿಯಲ್ಲಿ ಹಲಗೆ ನಿಧಾನವಾಗಿ ಮೇಲೇಳುವುದು ತಿಳಿಯಿತು. ಅದು ಏಳುವ ರೀತಿಯಲ್ಲೇ ದೊಡ್ಡದೆಂದು ಗೊತ್ತಾಯಿತು. ದೋಣಿಯನ್ನು ತಡೆದ. ಅಲೆ ಅಡಿಯಿಂದ ಜಾರಿ ಮುಂದೆ ಹೋಗಿ ಕಲ್ಲಿಗೆ ಬಡಿಯಿತು. ಇನ್ನೊಂದಕ್ಕೆ ಕಾದ. ಅದೂ ದೊಡ್ಡದೇ, ಬಿಟ್ಟ. ಮೂರನೆಯದು ಹಗುರಾಗಿ ಎತ್ತಿತು. ತಂಡೇಲನ ಮುಖವನ್ನು ಒಮ್ಮೆ ನೋಡಿದ. ಆ ಮುಖದಲ್ಲಿ ಬೇಡ ಎಂಬುದಿರಲಿಲ್ಲ, ಹೋಗು ಎಂಬುದೂ ಇರಲಿಲ್ಲ. ನುಗ್ಗಿದ. ದೋಣಿ ನದಿಯ ಸಪಾಟು ನೀರಿಗೆ ಬಂತು. ಜ್ವರದವನು ಬದುಕಿದ.

ದಡಕ್ಕೆ ಬಂದು ಶಿಷ್ಯ ತಂಡೇಲನ ಕಾಲು ಮುಟ್ಟಿದ. “ನೀವು ಎದುರಿಗೆ ಇದ್ರಿ, ಅದಕ್ಕೇ ಬಂದ್ವಿ,” ಎಂದ. ತಂಡೇಲ ಕಣ್ಣಿನ ಮಾತೆತ್ತದೆ ಮನೆಗೆ ನಡೆದ. ಅಂದಿನಿಂದ ದೋಣಿ ಹತ್ತಲಿಲ್ಲ.

ರಾಯರು ನಿಲ್ಲಿಸಿದರು. ಇಂದುಮತಿಗೆ ತಡೆಯಲಾಗಲಿಲ್ಲ.

“ಆ ತಂಡೇಲ ಮಾಡಿದ್ದು ತಪ್ಪು ಸರ್. ದಡಕ್ಕೆ ಬಂದ ಮೇಲಾದರೂ ಹೇಳಬೇಕಿತ್ತು. ಪಾಪ, ಆ ಶಿಷ್ಯ ಇವತ್ತಿಗೂ ತಾನು ಒಬ್ಬನೇ ದಾಟಲಾರೆ ಅಂತಲೇ ಅಂದುಕೊಂಡಿರುತ್ತಾನೆ.”

“ತಪ್ಪೇ. ಒಪ್ಪಿದೆ,” ಎಂದರು ರಾಯರು. “ಹೇಳುವುದಕ್ಕೆ ಅವನಿಗೆ ಸ್ವಲ್ಪ ದಿನ ಬೇಕಾಯಿತು. ಇನ್ನು ದೋಣಿ ಹತ್ತುವಂತಿಲ್ಲ ಅನ್ನುವುದನ್ನು ಮೊದಲು ಅವನೇ ನುಂಗಿಕೊಳ್ಳಬೇಕಲ್ಲ. ಅದಿರಲಿ, ಶಿಷ್ಯನ ವಿಷಯ ಹೇಳು. ಅವನನ್ನು ಇನ್ನೊಂದು ವರ್ಷ ಎದುರಿಗೆ ಕೂರಿಸಿಕೊಂಡು ಕಲಿಸಬೇಕೇ?”

“ಏನಕ್ಕೆ ಸರ್?” ಇಂದುಮತಿಯ ಧ್ವನಿ ಏರಿತು. “ಅಲೆ ಎಣಿಸಿದವನು ಅವನು, ನುಗ್ಗಿದವನು ಅವನು. ಎದುರಿಗಿದ್ದವರು ಮಾಡಿದ್ದೇನು? ಇನ್ನೊಂದು ವರ್ಷ ಇರುತ್ತೇನೆ ಅಂತ ಅವನು ಬಂದರೆ ಗದರಿಸಿ ಕಳಿಸಬೇಕು. ಅಳಿವೆಯಾಚೆ ಎಷ್ಟು ಜನ ದೋಣಿಗೆ ಕಾಯುತ್ತಿರುತ್ತಾರೋ!”

ರಾಯರು ತಲೆಯಾಡಿಸಿದರು. ಲೋಟ ತೆಗೆದುಕೊಳ್ಳಲು ಕೈ ಚಾಚಿದರು. ಕೈ ಲೋಟದ ಪಕ್ಕದಲ್ಲಿ ಬರಿಯ ಮೇಜನ್ನು ಮುಟ್ಟಿತು. ಮತ್ತೆ ತಡವಿ ಲೋಟ ಹಿಡಿದರು. ಮಾತಿನ ಭರದಲ್ಲಿದ್ದ ಇಂದುಮತಿ ಅದನ್ನು ಗಮನಿಸಲಿಲ್ಲ.

“ಇದು ಯಾವ ಕಾಲದ ಕತೆ ಸರ್? ನಿಮ್ಮ ಅಜ್ಜನ ಕಾಲದ್ದಾ?”

“ಅಲ್ಲಮ್ಮ, ಆ ಮುದುಕನ ಎದೆಯ ಮೇಲಿಂದ ನೀನು ತಲೆ ಎತ್ತಿ ನನ್ನನ್ನು ನೋಡಿದೆಯಲ್ಲ, ಆಗಿನದು: ಕಳೆದ ಗುರುವಾರ, ಫೆಬ್ರವರಿ ಹದಿಮೂರು.”