ಮೂರು ಬಸ್ಸಿನ ದಾರಿ

ತಾಲ್ಲೂಕು ಆಸ್ಪತ್ರೆಯ ಮಾನಸಿಕ ವಾರ್ಡಿನ ಆರು ಮಂಚಗಳಲ್ಲಿ ನಾಲ್ಕನ್ನು ತೆಗೆಸಲು ಆರೋಗ್ಯ ಇಲಾಖೆಯ ಸಾಹೇಬರು ಬಂದರು.

"ಕಾಯಿಲೆ ಜೋರಾದವರನ್ನು ಜಿಲ್ಲಾಸ್ಪತ್ರೆಗೆ ಕಳಿಸಿ. ಮೂರು ಬಸ್ಸು ಬದಲಿಸಿದರಾಯ್ತು," ಎನ್ನುತ್ತ ತಪಾಸಣೆ ಪುಸ್ತಕದಲ್ಲಿ ಬರೆದರು.

ಆಯಾ ದ್ಯಾಮವ್ವ ತಲೆಯಾಡಿಸಿದಳು. "ಆತ್ರಿ ಸಾಹೇಬ್ರ, ಮಂಚ ನಾನೇ ಹೊತ್ತು ಹಾಕ್ತೀನಿ. ಮೂರನೇ ಬಸ್ಸಿನ ತನಕ ಅವರ ಕೈ ಹಿಡಕೊಂಡು ಯಾರು ಕೂಡ್ತಾರ, ಅವರ ಹೆಸರು ಬರದು ಸಹಿ ಹಾಕ್ರಿ."

"ಅದ್ಯಾಕೆ?"

"ಹನ್ನೊಂದು ವರ್ಷದ ಹಿಂದ ಮಂಚ ಇಲ್ಲಂತ ನನ್ನ ತಮ್ಮನ್ನ ಹಿಂಗ ಕಳಿಸಿದ್ರು. ಎರಡನೇ ಬಸ್ಸಿನಿಂದ ಎಲ್ಲೋ ಇಳದು ಹೋದ, ಇನ್ನೂ ಸಿಕ್ಕಿಲ್ಲ. ಯಾರೂ ಸಹಿ ಮಾಡಿರಲಿಲ್ರಿ. ಯಾರನ್ನ ಕೇಳಲಿ?"

ಸಾಹೇಬರ ಪೆನ್ನು ಸಹಿಯ ಜಾಗದಲ್ಲೇ ನಿಂತಿತು. ಕೊನೆಗೆ ಬರೆದದ್ದನ್ನು ಹೊಡೆದು ಹಾಕಿ, ಚಹಾ ಕೇಳಿದರು.

ವಾರ್ಡಿಗೆ ಹೊಸಬರು ಬಂದಾಗಲೆಲ್ಲ ದ್ಯಾಮವ್ವ ಇವತ್ತಿಗೂ ಮೊದಲು ಮುಖ ನೋಡುತ್ತಾಳೆ, ಆಮೇಲೆ ಹಾಸಿಗೆ ಹಾಸುತ್ತಾಳೆ.