ಓದುವಾಗಲೂ ನಿಜವಾಗಿರುವ ಪತ್ರ

ದಂಡು ನಡೆಸುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂಬುದು ಕೊಡತಿಗಲ್ಲು ಕೋಟೆಯ ದೊರೆ ಗಿರಿಯಪ್ಪ ನಾಯಕರ ಹೆಮ್ಮೆ. ಆದರೆ ಕುದುರೆ ಹತ್ತಿದರೆ ಅವರಿಗೆ ಸೊಂಟ ಹಿಡಿಯುತ್ತಿತ್ತು. ಹಾಗಾಗಿ ಅರಮನೆಯಲ್ಲೇ ಕೂತು ಪತ್ರದ ಮೂಲಕ ದಂಡು ನಡೆಸುತ್ತಿದ್ದರು. ಹಜಾರದ ನೆಲದ ಮೇಲೆ ಸೀಮೆಯನ್ನೆಲ್ಲ ಸುಣ್ಣದಲ್ಲಿ ಬರೆಸಿ, ದಂಡಿನ ಬದಲು ಹುಣಸೆ ಬೀಜ ಇಟ್ಟು, ಬೆತ್ತದಿಂದ ಅತ್ತಿತ್ತ ತಳ್ಳುವರು. ಬೀಜ ಹೋದಲ್ಲಿಗೆ ಮುನ್ನೂರು ಜನ ಹೋಗಬೇಕೆಂದು ಪತ್ರ ಬರೆಯುವುದು ರಾಯಸದ ಅಪ್ರಮೇಯನ ಕೆಲಸ.

ಪಕ್ಕದ ಸೀಮೆಯೊಡನೆ ಜಗಳ ಎದ್ದಿದ್ದ ಗಡಿಯಿಂದ ಕೋಟೆಗೆ ಓಲೆಕಾರ ಓಡಿ ಬರಲು ನಾಲ್ಕು ದಿನ. ದಂಡು ಹೊಳೆಯ ಈಚೆ ಇದೆ ಎಂದು ದಳವಾಯಿ ಕೆಂಚಣ್ಣ ಬರೆದ ಪತ್ರ ಇಲ್ಲಿಗೆ ಮುಟ್ಟುವಷ್ಟರಲ್ಲಿ, ದೊರೆಯ ಹಿಂದಿನ ಪತ್ರ ಅಲ್ಲಿಗೆ ಮುಟ್ಟಿ ದಂಡು ಆಚೆ ಹೋಗಿರುತ್ತಿತ್ತು. ಅದು ತಿಳಿಯದ ದೊರೆ, ಹೊಳೆ ದಾಟಿ ಎಂದು ಮತ್ತೆ ಬರೆಸುವರು. ಆಚೆಗೆ ಹೋದವರು ತಿರುಗಿ ಈಚೆಗೆ ಬರುವರು.

ಹೀಗೇ ಮೂರು ತಿಂಗಳು ನಡೆಯಿತು. ಜಗಳ ಬೇಡವೆಂದು ಪಕ್ಕದ ಸೀಮೆಯವರು ತಮ್ಮ ದಂಡನ್ನು ಮನೆಗೆ ಕಳಿಸಿ ಆಗಲೇ ಒಂದು ತಿಂಗಳಾಗಿತ್ತು. ಕೆಂಚಣ್ಣ ಅದನ್ನೂ ಬರೆದು ತಿಳಿಸಿದ್ದ. ಅದು ನಾಲ್ಕು ದಿನದ ಹಳೆಯ ಸುದ್ದಿ, ಇಷ್ಟರಲ್ಲಿ ಅವರು ತಿರುಗಿ ಬಂದಿರಬಹುದು ಎಂದುಕೊಂಡು ದೊರೆ ಅದನ್ನು ನಂಬಲಿಲ್ಲ.

ಒಂದು ಮಧ್ಯಾಹ್ನ ಓಲೆಕಾರ ಬೋರ, ಅಪ್ರಮೇಯನ ಜಗಲಿಯಲ್ಲಿ ನೀರು ಕುಡಿಯುತ್ತ ಗಡಿಯ ಸಮಾಚಾರ ಹೇಳಿದ. ಹೊಳೆಗೆ ಹೊಸ ನೀರು ಬಂದಿತ್ತು. ಕಳೆದ ಸಲ ದಾಟುವಾಗ ಇಬ್ಬರು ಕೊಚ್ಚಿಕೊಂಡು ಹೋಗಿ, ದಡದ ಬೇರು ಹಿಡಿದು ಬದುಕಿದ್ದರು.

"ದಂಡಿನವರು ಬೈಯೋದು ದೊರೆನಲ್ಲ ಬುದ್ಧಿ, ಬರೆದ ಕೈನ," ಎಂದ ಬೋರ.

ಅಪ್ರಮೇಯನಿಗೆ ಆ ದಿನ ಊಟ ಸೇರಲಿಲ್ಲ.

ಮರುದಿನ ದೊರೆಯೇ ಅವನನ್ನು ಕರೆಸಿದರು. ಬರುವ ಪತ್ರಗಳೆಲ್ಲ ಹಳಸಿದ ಅನ್ನವಾಗಿವೆ ಎಂದು ಅವರಿಗೆ ರೇಗಿ ಹೋಗಿತ್ತು.

"ನಾನು ಓದುವ ಗಳಿಗೆಯಲ್ಲಿ ದಂಡು ಎಲ್ಲಿರುತ್ತದೋ ಅದನ್ನೇ ಹೇಳುವ ಪತ್ರ ಬೇಕು. ನೀನೇ ಹೋಗಿ ಬರೆದು ತಾ. ಒಂದು ಮಾತು ತಪ್ಪಿದರೂ ಮರುದಿನದಿಂದ ಓಲೆಕಾರರ ಜೊತೆ ನೀನೂ ಓಡಬೇಕು."

ಐವತ್ತು ದಾಟಿದ, ಹೊಟ್ಟೆ ಮುಂದೆ ಬಂದ ಅಪ್ರಮೇಯ ಓಡುವುದನ್ನು ನೆನೆದು ಆಸ್ಥಾನದವರು ಮುಸಿಮುಸಿ ನಕ್ಕರು. ಅವನು ಮಾತ್ರ ಕೈ ಮುಗಿದು ಒಪ್ಪಿಕೊಂಡ. ಪತ್ರ ಬರೆದ ಮೇಲೆ ದಂಡು ತನ್ನಿಷ್ಟಕ್ಕೆ ಸರಿದಾಡಿದರೆ ಬರೆದದ್ದು ಸುಳ್ಳಾಗುತ್ತದೆ, ಅದಕ್ಕೊಂದು ಅಪ್ಪಣೆ ಬೇಕು ಎಂದು ಕೇಳಿಕೊಂಡ. ಅಲ್ಲೇ ಕೂತು ಬರೆದೂ ಬಿಟ್ಟ: 'ರಾಯಸದವನು ಬರೆದು ತರುವ ಪತ್ರ ನಿಜವಾಗುವಂತೆ ದಂಡು ಅವನು ಹೇಳಿದಲ್ಲಿಗೆ ನಡೆಯತಕ್ಕದ್ದು, ಹೇಳಿದಲ್ಲಿ ನಿಲ್ಲತಕ್ಕದ್ದು.' ಮಾತು ಸರಿಯಾಗಿಯೇ ಇದೆ ಎಂದು ದೊರೆ ಮುದ್ರೆ ಒತ್ತಿದರು.

ಅಪ್ರಮೇಯ ಎತ್ತಿನ ಗಾಡಿಯಲ್ಲಿ ಗಡಿ ಸೇರಿದಾಗ ಕೆಂಚಣ್ಣ ಒಡೆದ ಹಿಮ್ಮಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದ. ಇನ್ನೊಂದು ಪತ್ರ ಬಂತೆಂದು ಮುಖ ಸಿಂಡರಿಸಿಕೊಂಡೇ ಓದಿದ. ಅಪ್ರಮೇಯ ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದ. ದಳವಾಯಿ ಕೆಮ್ಮು ಬರುವಷ್ಟು ನಕ್ಕು, ಗುಡ್ಡದ ಮೇಲೆ ಹತ್ತು ಜನರನ್ನು ಕಾವಲಿಗಿಟ್ಟು, ಉಳಿದವರಿಗೆ ಗಂಟುಮೂಟೆ ಕಟ್ಟಲು ಹೇಳಿದ.

ಹನ್ನೆರಡನೆಯ ದಿನ ಬೆಳಿಗ್ಗೆ ಅಪ್ರಮೇಯ ಮೈಯೆಲ್ಲ ಧೂಳಾಗಿ ಹಜಾರಕ್ಕೆ ಬಂದು ಪತ್ರ ಒಪ್ಪಿಸಿದ. ಇವನು ಓಡುವುದನ್ನು ನೋಡಬಹುದೆಂದು ಆಸ್ಥಾನವೆಲ್ಲ ಕತ್ತು ಚಾಚಿತು. ದೊರೆ ಗಟ್ಟಿಯಾಗಿ ಓದಿದರು:

"ಮಹಾಸ್ವಾಮಿಯವರು ಈ ಸಾಲು ಓದುತ್ತಿರುವ ಗಳಿಗೆಯಲ್ಲಿ ತಮ್ಮ ದಂಡು ತಮ್ಮ ಎಡಗಡೆಯ ಕಿಟಕಿಯ ಕೆಳಗೆ, ಅರಮನೆಯ ಕೊಳದಲ್ಲಿ ಕಾಲು ತೊಳೆಯುತ್ತಿದೆ."

ದೊರೆ ಎದ್ದು ಕಿಟಕಿಗೆ ಹೋದರು. ಕೊಂಬು ಊದದೆ, ನಗಾರಿ ಬಡಿಯದೆ ಒಳಗೆ ಬಂದ ದಂಡು ಮೆಟ್ಟಿಲ ತುಂಬ ಕೂತಿತ್ತು. ಒಬ್ಬ ತನ್ನ ಅಂಗಾಲನ್ನು ಮಗುಚಿ ನೋಡಿಕೊಳ್ಳುತ್ತಿದ್ದ. ಬೊಬ್ಬೆ ಎದ್ದ ಕಾಲುಗಳನ್ನು ದೊರೆ ಅಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ.

"ಅಲ್ಲಯ್ಯಾ, ದಂಡನ್ನು ಗಡಿಯಲ್ಲೇ ಅಲ್ಲಾಡದಂತೆ ನಿಲ್ಲಿಸಿ ಪತ್ರ ತಂದಿದ್ದರೂ ಅದು ನಿಜವೇ ಆಗುತ್ತಿತ್ತಲ್ಲ?" ಎಂದು ಅಪ್ರಮೇಯನತ್ತ ತಿರುಗಿ ಕೇಳಿದರು.

"ಆಗುತ್ತಿತ್ತು ಮಹಾಸ್ವಾಮಿ. ಆದರೆ ಅದು ನಿಜವೋ ಅಲ್ಲವೋ ಎಂದು ಕೇಳಿ ತಾವು ಇನ್ನೊಂದು ಪತ್ರ ಬರೆಸುತ್ತಿದ್ದಿರಿ."

ದೊರೆ ಸೊಂಟ ಹಿಡಿದುಕೊಂಡು ನಕ್ಕರು. ಕೊರಳಿನ ಮುತ್ತಿನ ಹಾರ ತೆಗೆದು ಅಪ್ರಮೇಯನಿಗೆ ಹಾಕಿ, ದಂಡಿಗೆಲ್ಲ ಅರಮನೆಯಲ್ಲೇ ಎಲೆ ಹಾಕಿಸಿದರು. ಊಟವಾದ ಮೇಲೆ ಅಪ್ರಮೇಯ, ಇವರು ಮನೆಗೆ ಹೋಗಲು ಅಪ್ಪಣೆ ಬರೆಯಲೇ ಎಂದು ಕೇಳಿದ.

"ಬೇಡಪ್ಪ," ಎಂದರು ದೊರೆ. "ಬಾಯಲ್ಲೇ ಹೇಳಿಬಿಡು."